ಕುಂಪಣಿ, ತೆರಿಗೆ ಮತ್ತು ನಮ್ಮ ಹೆಸರು



ಪೋಸ್ಟ್ ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ. ಹೊಸದಾಗಿ ಕಂಪನಿ ಶುರು ಮಾಡ್ತಿರೋ ನಮ್ಮ ಹುಡುಗ ಹುಡುಗಿಯರು ಗೊತ್ತಿದ್ರೆ ಅವರಿಗೂ ಓದಿಸಿ.

ಈಚೆಗೆ ನಮ್ಮ ಸಭೆಗಳಲ್ಲಿ ಒಂದು ಹೊಸ ಪ್ರಶ್ನೆ ಬರ್ತಿದೆ. ಮೊದಲೆಲ್ಲ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್, ಬಗರ್‌ಹುಕುಂ ಜಮೀನು, ಸ್ಮಶಾನದ ಜಾಗ ಅಂತ ಕೇಳೋರು. ಆ ಪ್ರಶ್ನೆಗಳು ಮುಗಿದಿಲ್ಲ, ಇನ್ನೂ ಹಾಗೇ ಇವೆ. ಅದರ ಜೊತೆಗೆ ಈಗ, "ಅಣ್ಣ, ಪ್ರೈವೇಟ್ ಲಿಮಿಟೆಡ್ ಮಾಡ್ಬೇಕು ಅಂತಿದ್ದೀವಿ. ಪ್ಯಾನು, ಟ್ಯಾನು, ಜಿಎಸ್‌ಟಿ ಅಂತಾರೆ. ಇದೆಲ್ಲ ಏನು?" ಅಂತ ಕೇಳ್ತಾರೆ. ಆಡಿಟರ್ ಆಫೀಸಿಗೆ ಹೋದ್ರೆ ಒಂದು ಪಟ್ಟಿ ಕೊಡ್ತಾರೆ, ಫೀಸು ಇಸ್ಕೊಳ್ತಾರೆ, ಕೆಲಸ ಆಗುತ್ತೆ. ಆದರೆ ಈ ನಂಬರುಗಳು ಎಲ್ಲಿಂದ ಬಂದವು, ತೆರಿಗೆ ಇಲಾಖೆಯ ಪುಸ್ತಕದಲ್ಲಿ ಇಷ್ಟು ಕಾಲ ಯಾರ ಹೆಸರಿತ್ತು, ಯಾರ ಹೆಸರು ಇರಲಿಲ್ಲ ಅನ್ನೋದನ್ನ ಆ ಪಟ್ಟಿ ಹೇಳಲ್ಲ.

ನಾನು ಹೇಳೋಕೆ ಹೊರಟಿರೋದು ಇಷ್ಟೇ. ಈ ದೇಶದಲ್ಲಿ ನಮ್ಮ ಜನ ತೆರಿಗೆಯನ್ನ ಯಾವಾಗಲೂ ಕಟ್ಟಿದ್ದಾರೆ, ಹೆಸರಿಲ್ಲದೆ ಕಟ್ಟಿದ್ದಾರೆ. ಸ್ವಂತ ಹೆಸರನ್ನ ಆ ಪುಸ್ತಕದಲ್ಲಿ ಬರೆಸೋ ಅವಕಾಶ ಈಗ ನಮ್ಮ ಕೈಗೆ ಬಂದಿದೆ. ಸರಿಯಾಗಿ ಅದೇ ಹೊತ್ತಿಗೆ ಆ ಹೆಸರನ್ನ ಬಾಡಿಗೆಗೆ ಕೇಳೋರೂ ಮನೆ ಬಾಗಿಲಿಗೆ ಬಂದಿದ್ದಾರೆ.

1. ತೆರಿಗೆ ಎತ್ತುತ್ತಿದ್ದ ಕಂಪನಿ

ನಮ್ಮ ಹಳ್ಳಿಗಳ ಹಳಬರ ಬಾಯಲ್ಲಿ "ಕುಂಪಣಿ ಸರ್ಕಾರ" ಅನ್ನೋ ಮಾತಿತ್ತು. ಈ ನೆಲಕ್ಕೆ ಕಂಪನಿ ಅನ್ನೋದು ಪರಿಚಯ ಆಗಿದ್ದೇ ಸರ್ಕಾರದ ರೂಪದಲ್ಲಿ. 1600ರಲ್ಲಿ ಇಂಗ್ಲೆಂಡಿನ ರಾಣಿಯಿಂದ ಸನ್ನದು ಪಡೆದ ಈಸ್ಟ್ ಇಂಡಿಯಾ ಕಂಪನಿ 1765ರಲ್ಲಿ ಬಂಗಾಳ, ಬಿಹಾರ, ಒರಿಸ್ಸಾದ ದಿವಾನಿ ಹಕ್ಕು ಗಿಟ್ಟಿಸಿತು. ದಿವಾನಿ ಅಂದ್ರೆ ಕಂದಾಯ ಎತ್ತೋ ಹಕ್ಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಜಿಲ್ಲೆ ಕುಂಪಣಿ ಕೈಗೆ ಹೋಯ್ತು. ಅಲ್ಲಿ ಕಂದಾಯ ನಿಗದಿ ಮಾಡೋಕೆ ಬಂದ ಕಲೆಕ್ಟರ್ ಥಾಮಸ್ ಮನ್ರೋ. ಇವತ್ತು ಕಂಪನಿ ಹೋಗಿ ತೆರಿಗೆ ಇಲಾಖೆಯಲ್ಲಿ ಹೆಸರು ಬರೆಸುತ್ತೆ. ಅವತ್ತು ಕಂಪನಿಯೇ ತೆರಿಗೆ ಇಲಾಖೆ ಆಗಿತ್ತು.

ಈ ವಿಚಾರವನ್ನ ನಮ್ಮವರಲ್ಲಿ ಮೊದಲು ಕೂತು ಓದಿದವರು ಬಾಬಾಸಾಹೇಬರು. 1915ರಲ್ಲಿ ಕೊಲಂಬಿಯಾದಲ್ಲಿ ಎಂ.ಎ.ಗೆ ಅವರು ಬರೆದ ಪ್ರಬಂಧದ ವಿಷಯವೇ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸು. ಅವರನ್ನ ಬರೀ ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆಯಾಗಿ ನೋಡೋರಿಗೆ ಇದು ನೆನಪಿರಲ್ಲ. ಅವರು ಮೊದಲು ಅರ್ಥಶಾಸ್ತ್ರಜ್ಞ. ತೆರಿಗೆ ಯಾರ ಹೆಗಲಿಂದ ಎದ್ದು ಯಾರ ಜೇಬಿಗೆ ಹೋಗುತ್ತೆ ಅನ್ನೋ ಲೆಕ್ಕದಿಂದ ಅವರ ಓದು ಶುರುವಾಯ್ತು.

ಯಾರು ಬೇಕಾದ್ರೂ ಸೇರಿ ಕಂಪನಿ ನೋಂದಾಯಿಸಬಹುದು ಅನ್ನೋ ಕಾನೂನು ಇಲ್ಲಿ ಬಂದದ್ದು 1850ರಲ್ಲಿ. ಆ ಕಾಯ್ದೆಯಲ್ಲಿ ನೋಂದಣಿ ಇತ್ತು, ಸೀಮಿತ ಹೊಣೆ ಇರಲಿಲ್ಲ. ಕಂಪನಿ ಮುಳುಗಿದ್ರೆ ಪಾಲುದಾರನ ಮನೆ ಮಠಕ್ಕೂ ಸಾಲಗಾರ ಕೈ ಹಾಕಬಹುದಿತ್ತು. 1857ರ ಕಾಯ್ದೆಯಲ್ಲಿ ಸೀಮಿತ ಹೊಣೆ ಬಂತು. ನೀವು ಹಾಕಿದ ಬಂಡವಾಳದಷ್ಟೇ ನಿಮ್ಮ ನಷ್ಟ. "ಲಿಮಿಟೆಡ್" ಅನ್ನೋ ಪದದ ಅರ್ಥ ಇದೇ.

ಅದೇ 1857ರಲ್ಲಿ ದಂಗೆ ಆಯ್ತು. ದಂಗೆ ಅಡಗಿಸೋಕೆ ಆದ ಖರ್ಚಿಂದ ಖಜಾನೆ ಬರಿದಾಯ್ತು. ಕುಂಪಣಿ ಆಳ್ವಿಕೆ ಹೋಗಿ ರಾಣಿ ಆಳ್ವಿಕೆ ಬಂತು. ಖಜಾನೆ ತುಂಬಿಸೋಕೆ ಲಂಡನ್‌ನಿಂದ ಜೇಮ್ಸ್ ವಿಲ್ಸನ್ ಅನ್ನೋ ಹಣಕಾಸು ಸದಸ್ಯರು ಬಂದ್ರು. 1860ರಲ್ಲಿ ಮೊದಲ ಆದಾಯ ತೆರಿಗೆ ಕಾಯ್ದೆ ಜಾರಿಯಾಯ್ತು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯದವರಿಗೆ ತೆರಿಗೆ ಇಲ್ಲ, 200ರಿಂದ 500ರವರೆಗೆ ನೂರಕ್ಕೆ 2, ಅದಕ್ಕಿಂತ ಮೇಲೆ ನೂರಕ್ಕೆ 4. ಐದು ವರ್ಷ ನಡೆದು ನಿಂತಿತು. ಇವತ್ತಿಗೂ ಜುಲೈ 24ನ್ನ ಆದಾಯ ತೆರಿಗೆ ದಿನ ಅಂತ ಆಚರಿಸೋದು ಆ ಕಾಯ್ದೆಯ ನೆನಪಿಗೆ.

ಅಂದ್ರೆ ಕಂಪನಿ ನೋಂದಣಿ ಕಾನೂನು, ಆದಾಯ ತೆರಿಗೆ ಕಾನೂನು ಎರಡೂ ಹತ್ತು ವರ್ಷದ ಅಂತರದಲ್ಲಿ ಹುಟ್ಟಿದವು. ಅವೆರಡೂ ಹುಟ್ಟಿದಾಗ ನಮ್ಮ ಜನ ಎಲ್ಲಿದ್ರು? ಊರ ಹೊರಗೆ. ಸತ್ತ ದನ ಎತ್ತುತ್ತಾ, ಬಿಟ್ಟಿ ಚಾಕರಿ ಮಾಡ್ತಾ.

2. ಬೂಟು ಹೊಲಿಯುವವನ ಕೇಸು

ಕಾನೂನು ಕಾಲೇಜಿನಲ್ಲಿ ಕಂಪನಿ ಕಾನೂನಿನ ಮೊದಲ ಪಾಠವೇ ಸಾಲೊಮನ್ ಕೇಸು. ಸಾಲೊಮನ್ ಏನು ಕೆಲಸ ಮಾಡ್ತಿದ್ದ ಅನ್ನೋದನ್ನ ಮೇಷ್ಟ್ರು ಒಂದೇ ಸಾಲಲ್ಲಿ ದಾಟಿ ಹೋಗ್ತಾರೆ. ನಾವು ಅಲ್ಲೇ ಸ್ವಲ್ಪ ನಿಲ್ಲಬೇಕು. ಅವನು ಚರ್ಮದ ವ್ಯಾಪಾರಿ. ಲಂಡನ್ನಿನಲ್ಲಿ ಬೂಟು ತಯಾರಿಸೋ ಕೆಲಸ.

ಆರನ್ ಸಾಲೊಮನ್ 1892ರಲ್ಲಿ ತನ್ನ ಬೂಟಿನ ವ್ಯಾಪಾರವನ್ನ ಕಂಪನಿ ಮಾಡಿದ. ಕಂಪನಿಗೆ ಕನಿಷ್ಠ ಏಳು ಜನ ಬೇಕು ಅಂತ ಕಾನೂನಿತ್ತು. ತಾನು, ಹೆಂಡತಿ, ಮಗಳು, ನಾಲ್ಕು ಗಂಡು ಮಕ್ಕಳು, ಲೆಕ್ಕ ಸರಿಹೋಯ್ತು. ಒಟ್ಟು 20,007 ಷೇರುಗಳಲ್ಲಿ 20,001 ಅವನದ್ದು, ಉಳಿದ ಆರು ಜನಕ್ಕೆ ಒಂದೊಂದು. ಒಂದು ವರ್ಷದಲ್ಲೇ ವ್ಯಾಪಾರ ಬಿತ್ತು. ಕಂಪನಿ ಮುಚ್ಚಿಸೋಕೆ ಬಂದವರು, "ಈ ಕಂಪನಿ ಬರೀ ಮುಖವಾಡ, ಸಾಲವನ್ನೆಲ್ಲ ಸಾಲೊಮನ್ನೇ ತೀರಿಸಬೇಕು" ಅಂದ್ರು. ಕೆಳಗಿನ ಎರಡು ಕೋರ್ಟುಗಳೂ ಅವನ ವಿರುದ್ಧ ತೀರ್ಪು ಕೊಟ್ಟವು. 1896ರ ನವೆಂಬರ್‌ನಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನ ತಿರುಗಿಸಿತು. ನೋಂದಣಿ ಕಾನೂನು ಪ್ರಕಾರ ಆಗಿದ್ರೆ ಕಂಪನಿ ಒಬ್ಬ ಬೇರೆಯೇ ವ್ಯಕ್ತಿ, ಅದರ ಸಾಲ ಅದರದ್ದು, ಸಾಲೊಮನ್‌ನದ್ದು ಅಲ್ಲ ಅಂತ ತೀರ್ಪು ಬಂತು.

ಪ್ರಪಂಚದ ದೊಡ್ಡ ದೊಡ್ಡ ಕಂಪನಿಗಳೆಲ್ಲ ನಿಂತಿರೋ ಅಡಿಪಾಯದಲ್ಲಿ ಒಬ್ಬ ಬೂಟಿನ ವ್ಯಾಪಾರಿಯ ಕೇಸು ಇದೆ. ಅದೇ ಕಾಲಕ್ಕೆ ನಮ್ಮ ಮಾದಿಗರು, ಸಮಗಾರರು, ಢೋರರು ಇಲ್ಲಿ ಚರ್ಮ ಹದ ಮಾಡ್ತಿದ್ರು, ಮೆಟ್ಟು ಹೊಲೀತಿದ್ರು. ಗೌಡನ ಮನೆಗೆ ವರ್ಷಕ್ಕಿಷ್ಟು ಜೊತೆ ಮೆಟ್ಟು, ಬಾವಿಗೆ ಕಪಿಲೆ, ಎತ್ತಿಗೆ ಬಾರು. ಅದಕ್ಕೆ ಸಿಗ್ತಿದ್ದದ್ದು ಸುಗ್ಗಿಯಲ್ಲಿ ಕಣದ ಮೂಲೆಯ ಕಾಳು. ಅದೇ ಚರ್ಮ, ಅದೇ ಉಳಿ, ಅದೇ ದಾರ. ಅಲ್ಲಿ ಒಂದು ಷೇರು ಇಟ್ಕೊಂಡ ಮಗಳೂ ಕಾನೂನಿನ ಕಣ್ಣಲ್ಲಿ ಪಾಲುದಾರಳು. ಇಲ್ಲಿ ಇಡೀ ಊರಿಗೆ ಮೆಟ್ಟು ಹೊಲಿದವನು ಮೆಟ್ಟು ಹಾಕ್ಕೊಂಡು ಊರೊಳಗೆ ನಡೆಯೋ ಹಾಗಿರಲಿಲ್ಲ.

ಕಾಗದದ ಮೇಲಿನ ಕಂಪನಿಗೆ ವ್ಯಕ್ತಿ ಅನ್ನೋ ಮಾನ್ಯತೆ ಸಿಕ್ಕಿ ಮೂವತ್ತು ವರ್ಷ ಆದಮೇಲೆ, 1927ರಲ್ಲಿ, ಮಹಾಡ್‌ನ ಕೆರೆಯ ನೀರು ಮುಟ್ಟೋಕೆ ನಾವು ಮೆರವಣಿಗೆ ಹೋಗಬೇಕಾಯ್ತು. ಈ ಎರಡು ದಿನಾಂಕಗಳನ್ನ ಪಕ್ಕಪಕ್ಕದಲ್ಲಿ ಇಟ್ಟು ನೋಡಿ.

3. ಪುಸ್ತಕದಲ್ಲಿ ಯಾರಿದ್ರು?

1886ರಲ್ಲಿ ಆದಾಯ ತೆರಿಗೆ ಮತ್ತೆ ಬಂತು, ಈ ಸಲ ಕಾಯಂ ಆಗಿ. ಆದಾಯವನ್ನ ನಾಲ್ಕು ಭಾಗ ಮಾಡಿದ್ರು: ಸಂಬಳ ಪಿಂಚಣಿ, ಕಂಪನಿಗಳ ಲಾಭ, ಸಾಲಪತ್ರಗಳ ಬಡ್ಡಿ, ಉಳಿದ ಮೂಲಗಳು. ಅಂದಿನಿಂದಲೇ ಕಂಪನಿ ತೆರಿಗೆ ಪುಸ್ತಕದಲ್ಲಿ ತನ್ನದೇ ಆದ ಒಂದು ಮನೆ ಪಡೆದಿದೆ. ಅದೇ ಕಾಯ್ದೆ ಕೃಷಿ ಆದಾಯವನ್ನ ಹೊರಗಿಟ್ಟಿತು. ಜಮೀನ್ದಾರನ ಗುತ್ತಿಗೆ ವಸೂಲಿ ಎಷ್ಟಿದ್ರೂ ಆದಾಯ ತೆರಿಗೆ ಇಲ್ಲ. ಕೇಂದ್ರದ ಆದಾಯ ತೆರಿಗೆ ಇವತ್ತಿಗೂ ಕೃಷಿ ಆದಾಯವನ್ನ ಮುಟ್ಟಲ್ಲ.

1922ರ ಕಾಯ್ದೆ ತೆರಿಗೆ ಕಟ್ಟೋರ ಪಟ್ಟಿ ಕೊಡ್ತು: ವ್ಯಕ್ತಿ, ಹಿಂದೂ ಅವಿಭಕ್ತ ಕುಟುಂಬ, ಕಂಪನಿ, ಪಾಲುದಾರಿಕೆ ಸಂಸ್ಥೆ, ಜನರ ಸಂಘ. ಎರಡನೇದನ್ನ ಗಮನಿಸಿ. ಪಿತ್ರಾರ್ಜಿತ ಆಸ್ತಿ ಇರೋ ಹಿಂದೂ ಕೂಡು ಕುಟುಂಬವನ್ನ ಕಾನೂನು ಬೇರೆ ಒಬ್ಬ ತೆರಿಗೆದಾರ ಅಂತ ಒಪ್ಕೊಂಡಿತು. ಇವತ್ತೂ ಇದೆ. ಅದಕ್ಕೆ ಪ್ರತ್ಯೇಕ ಪ್ಯಾನ್ ಸಿಗುತ್ತೆ, ಹಳೇ ಪದ್ಧತಿಯಲ್ಲಿ ಅದರದ್ದೇ ವಿನಾಯಿತಿ ಮಿತಿ ಸಿಗುತ್ತೆ. ಕಾನೂನಿನ ಪುಸ್ತಕದಲ್ಲಿ ಇದು ನಮ್ಮವರಿಗೂ ಮುಕ್ತ. ಆದ್ರೆ ಮುತ್ತಾತನಿಂದ ಬಂದ ಆಸ್ತಿ ಇರಬೇಕಲ್ಲ? ಜೀತದ ಸಾಲವನ್ನ ಬಳುವಳಿ ಪಡೆದವರ ಮನೆಯಲ್ಲಿ ಅವಿಭಕ್ತವಾಗಿ ಉಳಿದದ್ದು ಸಾಲ ಮಾತ್ರ.

ಹಾಗಾದ್ರೆ ನಾವು ತೆರಿಗೆ ಕಟ್ಟಲಿಲ್ವಾ? ಕಟ್ಟಿದ್ವಿ. ಉಪ್ಪಿನ ಮೇಲೆ ತೆರಿಗೆ ಇತ್ತು, 1947ರವರೆಗೂ ಇತ್ತು. ಗಂಜಿಗೆ ಹಾಕೋ ಉಪ್ಪಿನಲ್ಲಿ ನಾವು ತೆರಿಗೆ ಕಟ್ಟಿದ್ವಿ. ರಸೀದಿ ಇಲ್ಲ, ನಂಬರ್ ಇಲ್ಲ, ಹೆಸರಿಲ್ಲ. ತುಂಡು ಭೂಮಿ ಇದ್ದವರು ಕಂದಾಯ ಕಟ್ಟಿದ್ರು. 1927ರ ಫೆಬ್ರವರಿಯಲ್ಲಿ ಬಾಂಬೆ ಶಾಸನ ಪರಿಷತ್ತಿನ ಬಜೆಟ್ ಚರ್ಚೆಯಲ್ಲಿ ಬಾಬಾಸಾಹೇಬರು ಹಿಡಿದದ್ದು ಇದೇ ಎಳೆಯನ್ನ. ಆದಾಯ ಇಲ್ಲದ ವರ್ಷ ಆದಾಯ ತೆರಿಗೆ ಕಟ್ಟಬೇಕಿಲ್ಲ, ಆದ್ರೆ ಬೆಳೆ ಬರಲಿ ಬಿಡಲಿ ಬಡ ರೈತ ಕಂದಾಯ ಕಟ್ಟಲೇಬೇಕು, ದೊಡ್ಡ ಜಮೀನ್ದಾರನಿಗೂ ಸಣ್ಣ ಹಿಡುವಳಿದಾರನಿಗೂ ಒಂದೇ ದರ, ಇದು ಯಾವ ನ್ಯಾಯ ಅಂತ ಅವರು ಕೇಳಿದ್ರು. ಆಗ ನಮ್ಮ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯೆಲ್ಲ ಬಾಂಬೆ ಪ್ರಾಂತ್ಯದಲ್ಲೇ ಇತ್ತು. ಹಾಗಾಗಿ ಆ ಮಾತು ನಮ್ಮ ಹೊಲಗಳ ಬಗ್ಗೆಯೂ ಆಡಿದ್ದು.

ಮಹಾರ್ ವತನದ ಕಥೆ ಇನ್ನೂ ಕೆಟ್ಟದ್ದು. ಇಡೀ ಮನೆಮಂದಿ ಹಗಲು ರಾತ್ರಿ ಸರ್ಕಾರದ ಚಾಕರಿ ಮಾಡಬೇಕು. ಅದಕ್ಕೆ ಪ್ರತಿಯಾಗಿ ತುಂಡು ಇನಾಂ ಭೂಮಿ. ಅದರ ಮೇಲೂ ಜುಡಿ ಅನ್ನೋ ಕಂದಾಯ. ದುಡಿಮೆಯೂ ಕೊಡಬೇಕು, ದುಡ್ಡೂ ಕೊಡಬೇಕು. 1928ರಲ್ಲಿ ಬಾಬಾಸಾಹೇಬರು ಇದನ್ನ ಬದಲಿಸೋಕೆ ಮಸೂದೆ ತಂದ್ರು. 1939ರಲ್ಲಿ ಹರೇಗಾಂವ್ ಸಮಾವೇಶದಲ್ಲೂ ಇದೇ ಹೋರಾಟ. ನಮ್ಮ ರಾಜ್ಯದಲ್ಲಿ ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯ ಗ್ರಾಮ ಚಾಕರಿ ಕಾನೂನಿನಲ್ಲಿ ರದ್ದಾಗೋಕೆ 1961ರ ಕಾಯ್ದೆ ಬರಬೇಕಾಯ್ತು. ಅದೇ 1961ರಲ್ಲಿ ಸ್ವತಂತ್ರ ಭಾರತದ ಆದಾಯ ತೆರಿಗೆ ಕಾಯ್ದೆಯೂ ಬಂತು.

4. ಬಾಬಾಸಾಹೇಬರ ಸ್ವಂತ ಆಫೀಸು

ವ್ಯಾಪಾರ ಮಾಡಿ, ಜಾತಿ ಯಾರು ಕೇಳ್ತಾರೆ, ದುಡ್ಡಿಗೆ ಜಾತಿ ಇಲ್ಲ ಅಂತ ಹೇಳೋರಿಗೆ ಒಂದು ವಿಷಯ ನೆನಪಿಸಬೇಕು. 1917ರಲ್ಲಿ ಬರೋಡಾದಲ್ಲಿ ಇರೋಕೆ ಮನೆ ಸಿಗದೆ, ಅವಮಾನ ತಿಂದು ಬಾಂಬೆಗೆ ಮರಳಿದ ಮೇಲೆ ಬಾಬಾಸಾಹೇಬರು ಹೊಟ್ಟೆಪಾಡಿಗೆ ಒಂದು ಸಂಸ್ಥೆ ತೆರೆದ್ರು. ಷೇರು ವ್ಯಾಪಾರಿಗಳಿಗೆ ಸಲಹೆ ಕೊಡೋ ಕೆಲಸ. ಕೊಲಂಬಿಯಾ, ಲಂಡನ್‌ನಲ್ಲಿ ಅರ್ಥಶಾಸ್ತ್ರ ಓದಿದವರಿಗಿಂತ ಆ ಕೆಲಸಕ್ಕೆ ಇನ್ಯಾರು ಬೇಕು? ಮೊದಮೊದಲು ಗಿರಾಕಿಗಳು ಬಂದ್ರು. ಸಲಹೆ ಕೊಡೋರು ಅಸ್ಪೃಶ್ಯರು ಅಂತ ಗೊತ್ತಾದ ಮೇಲೆ ಬರೋದು ನಿಂತಿತು. ಸಂಸ್ಥೆ ಮುಚ್ಚಿತು.

ಆ ಸಂಸ್ಥೆ ಮುಚ್ಚಿದ್ದು ಬಂಡವಾಳ ಸಾಲದೆ ಅಲ್ಲ, ಬುದ್ಧಿ ಸಾಲದೆ ಅಲ್ಲ, ನೋಂದಣಿ ಸಿಗದೆ ಅಲ್ಲ. ಯಾವ ಕಾನೂನೂ ಅವರನ್ನ ತಡೆದಿರಲಿಲ್ಲ. ಜಾತಿ ತಡೀತು. ಆಮೇಲೆ ಅದೇ ಮನುಷ್ಯರ ಕೈಯಲ್ಲಿ ರೂಪುಗೊಂಡ ಸಂವಿಧಾನದಲ್ಲಿ 15ನೇ ವಿಧಿ ಅಂಗಡಿ, ಹೋಟೆಲಿನ ಬಾಗಿಲು ತೆರೀತು, 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡ್ತು, 19ನೇ ವಿಧಿ ಯಾವ ಉದ್ಯೋಗ, ವ್ಯಾಪಾರ ಬೇಕಾದ್ರೂ ಮಾಡೋ ಹಕ್ಕು ಕೊಡ್ತು. ಇವತ್ತು ನಮ್ಮ ಹುಡುಗಿಯೊಬ್ಬಳು ಕಂಪನಿಯ ಡೈರೆಕ್ಟರ್ ಅಂತ ಸಹಿ ಹಾಕ್ತಾಳೆ ಅಂದ್ರೆ ಆ ಸಹಿಯ ಹಿಂದೆ ಮುಚ್ಚಿಹೋದ ಆ ಆಫೀಸೂ ಇದೆ.

5. ಹತ್ತು ಅಕ್ಷರದ ನಂಬರು

ಈಗ ನಂಬರಿನ ವಿಷಯಕ್ಕೆ ಬರೋಣ.

ಹಿಂದೆ ತೆರಿಗೆ ಆಫೀಸಿನಲ್ಲಿ ಜನರಲ್ ಇಂಡೆಕ್ಸ್ ರಿಜಿಸ್ಟರ್ ಅಂತ ಒಂದು ದಪ್ಪ ಪುಸ್ತಕ ಇರ್ತಿತ್ತು. ಆ ವಾರ್ಡಿನ ತೆರಿಗೆದಾರರ ಹೆಸರು ಅದರಲ್ಲಿ, ಹೆಸರಿನ ಮುಂದೆ ಒಂದು ನಂಬರು. ಅದನ್ನೇ ಜಿಐಆರ್ ನಂಬರ್ ಅಂತಿದ್ರು. ಆ ವಾರ್ಡು ಬಿಟ್ಟರೆ ಆ ನಂಬರಿಗೆ ಬೆಲೆ ಇಲ್ಲ. 1972ರಲ್ಲಿ ಪ್ಯಾನ್ ಬಂತು, 1976ರಿಂದ ಕಾಯ್ದೆಯ ಬಲ ಸಿಕ್ಕಿತು. ಆ ಹಳೇ ಪದ್ಧತಿ ಕೈಗೂಡಲಿಲ್ಲ. 1995ರಲ್ಲಿ ಅದನ್ನ ಬಿಟ್ಟು ಇಡೀ ದೇಶಕ್ಕೆ ಒಂದೇ ಸರಣಿಯ ಹತ್ತು ಅಕ್ಷರದ ಹೊಸ ಪ್ಯಾನ್ ತಂದ್ರು. ಈಗ ನಮ್ಮ ಜೇಬಲ್ಲಿರೋದು ಅದೇ.

ನಿಮ್ಮ ಪ್ಯಾನ್ ಕಾರ್ಡ್ ತೆಗೆದು ನೋಡಿ. ನಾಲ್ಕನೇ ಅಕ್ಷರ ನೀವು ಯಾರು ಅಂತ ಹೇಳುತ್ತೆ. ಮನುಷ್ಯರಿಗೆ ಪಿ, ಕಂಪನಿಗೆ ಸಿ, ಹಿಂದೂ ಅವಿಭಕ್ತ ಕುಟುಂಬಕ್ಕೆ ಎಚ್, ಟ್ರಸ್ಟಿಗೆ ಟಿ. ಐದನೇ ಅಕ್ಷರ ಮನುಷ್ಯರಾದ್ರೆ ಸರ್‌ನೇಮಿನ ಮೊದಲ ಅಕ್ಷರ, ಕಂಪನಿಯಾದ್ರೆ ಅದರ ಹೆಸರಿನ ಮೊದಲ ಅಕ್ಷರ.

ಸರ್‌ನೇಮು! ಈ ಒಂದು ಕಾಲಂ ನಮ್ಮವರನ್ನ ಎಷ್ಟು ಸುತ್ತಾಡಿಸಿದೆ. ಅರ್ಜಿಯಲ್ಲಿ ಕೊನೆಯ ಹೆಸರು ಪೂರ್ತಿ ಬರೀಬೇಕು, ಇನಿಷಿಯಲ್ ಬರೆಯೋ ಹಾಗಿಲ್ಲ. ನಮ್ಮ ಕಡೆ ಹೆಸರು ಅಂದ್ರೆ ಊರು ಅಥವಾ ಅಪ್ಪನ ಹೆಸರಿನ ಒಂದಕ್ಷರ, ಮುಂದೆ ತನ್ನ ಹೆಸರು. ಶಾಲೆ ದಾಖಲೆಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಜಾತಿ ಪ್ರಮಾಣಪತ್ರದಲ್ಲಿ ಮತ್ತೊಂದು ಥರ. ಜಾತಿ ಗೊತ್ತಾಗಬಾರದು ಅಂತಲೇ ಅಡ್ಡಹೆಸರು ಬಿಟ್ಟವರೂ ಇದ್ದಾರೆ. ಒಂದೇ ಹೆಸರಿನವರು ಅದನ್ನೇ ಸರ್‌ನೇಮ್ ಕಾಲಂನಲ್ಲಿ ಬರೀಬೇಕು ಅನ್ನೋದು ಅರ್ಜಿಯ ಸೂಚನೆಯಲ್ಲೇ ಇದೆ. ಅದನ್ನ ಹೇಳೋರು ಕಮ್ಮಿ.

ಇನ್ನೊಂದು ಕಾಲಂ ಅಪ್ಪನ ಹೆಸರು. ಬೆಳಗಾವಿ, ಬಾಗಲಕೋಟೆ, ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ನಮ್ಮ ಸಮುದಾಯದ ಹೆಣ್ಣುಮಕ್ಕಳನ್ನ ದೇವದಾಸಿ ಮಾಡಿದ್ರು. ಅದನ್ನ ನಿಷೇಧಿಸಿದ ಕರ್ನಾಟಕದ ಕಾಯ್ದೆ 1982ರದ್ದು. ಆ ತಾಯಂದಿರ ಮಕ್ಕಳು ಶಾಲೆಯಿಂದ ಬ್ಯಾಂಕಿನವರೆಗೆ ಎಲ್ಲ ಕಡೆ ಎದುರಿಸಿದ್ದು ಇದೇ ಕಾಲಂ. 2018ರ ಡಿಸೆಂಬರ್ 5ರಿಂದ ನಿಯಮ ಬದಲಾಗಿದೆ. ತಾಯಿ ಒಬ್ಬಳೇ ಸಾಕಿದ ಮಗುವಾದ್ರೆ ಪ್ಯಾನ್ ಅರ್ಜಿಯಲ್ಲಿ ಅಪ್ಪನ ಹೆಸರು ಕಡ್ಡಾಯ ಅಲ್ಲ, ತಾಯಿ ಹೆಸರು ಸಾಕು. ದಯವಿಟ್ಟು ಇದನ್ನ ಗೊತ್ತಿಲ್ಲದವರಿಗೆ ತಿಳಿಸಿ. ಪ್ಯಾನ್ ಇಲ್ಲದೆ ಈ ದೇಶದ ಪ್ರಜೆ ಕಂಪನಿ ಡೈರೆಕ್ಟರ್ ಆಗೋಕೆ ಆಗಲ್ಲ. ಹಾಗಾಗಿ ಕಂಪನಿ ನೋಂದಣಿಯ ನಿಜವಾದ ಮೊದಲ ಮೆಟ್ಟಿಲು ಈ ಕಾಲಂನಲ್ಲೇ ಇದೆ.

6. ಗೋಡೆ ಇಳಿದ ಬಗೆ

ಕಂಪನಿ ಕಟ್ಟೋದು ಮೊದಲು ದುಡ್ಡಿದ್ದವರ ಆಟ. 2000ದ ತಿದ್ದುಪಡಿಯಲ್ಲಿ ಪ್ರೈವೇಟ್ ಕಂಪನಿಗೆ ಕನಿಷ್ಠ 1 ಲಕ್ಷ ಬಂಡವಾಳ ಇರಲೇಬೇಕು ಅಂತ ಮಾಡಿದ್ರು. 2015ರಲ್ಲಿ ಅದು ಹೋಯ್ತು. 2013ರ ಕಂಪನಿ ಕಾಯ್ದೆಯಲ್ಲಿ ಒಬ್ಬರೇ ಕಂಪನಿ ಮಾಡೋ ಅವಕಾಶ ಬಂತು. ಸಾಲೊಮನ್‌ಗೆ ಏಳು ಜನ ಬೇಕಿತ್ತು, ನಿಮಗೆ ನೀವೊಬ್ಬರೇ ಸಾಕು, ನಿಮ್ಮ ನಂತರಕ್ಕೆ ಒಬ್ಬ ನಾಮಿನಿ ಇದ್ದರಾಯ್ತು.

ಮೊದಲು ಕಂಪನಿ ನೋಂದಣಿ ಒಂದು ಇಲಾಖೆ, ಪ್ಯಾನ್ ಇನ್ನೊಂದು, ಟ್ಯಾನ್ ಮತ್ತೊಂದು ಅರ್ಜಿ, ಮಾರಾಟ ತೆರಿಗೆ ರಾಜ್ಯದ ಆಫೀಸಲ್ಲಿ. 2020ರ ಫೆಬ್ರವರಿಯಿಂದ ಸ್ಪೈಸ್ ಪ್ಲಸ್ ಅನ್ನೋ ಒಂದೇ ಆನ್‌ಲೈನ್ ಅರ್ಜಿ. ಮೊದಲ ಭಾಗದಲ್ಲಿ ಹೆಸರು ಕಾಯ್ದಿರಿಸೋದು. ಎರಡನೇ ಭಾಗದಲ್ಲಿ ಕಂಪನಿ ನೋಂದಣಿ, ಡೈರೆಕ್ಟರ್ ನಂಬರ್, ಪ್ಯಾನ್, ಟ್ಯಾನ್. ಜೊತೆಗಿರೋ ಅಜೈಲ್ ಪ್ರೊ ಅರ್ಜಿಯಲ್ಲಿ ಪಿಎಫ್, ಇಎಸ್ಐ, ಬ್ಯಾಂಕ್ ಖಾತೆ, ಬೇಕಿದ್ರೆ ಜಿಎಸ್‌ಟಿ. ನೋಂದಣಿ ಪತ್ರದಲ್ಲೇ ಕಂಪನಿಯ ಪ್ಯಾನ್, ಟ್ಯಾನ್ ಅಚ್ಚಾಗಿ ಬರುತ್ತೆ. ಅಂದ್ರೆ ಈಗ ಕಂಪನಿ ಹುಟ್ಟೋದೇ ತೆರಿಗೆ ನಂಬರ್ ಸಮೇತ.

ಪ್ಯಾನ್ ಕಂಪನಿಯ ಗುರುತು. ಟ್ಯಾನ್ ಬೇಕಾಗೋದು ಸಂಬಳ, ಬಾಡಿಗೆ, ಗುತ್ತಿಗೆ ಹಣ ಕೊಡುವಾಗ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟೋಕೆ. ಜಿಎಸ್‌ಟಿ 2017ರ ಜುಲೈ 1ರಿಂದ ಇದೆ, ಅದರ ನಂಬರ್ ಹದಿನೈದು ಅಕ್ಷರದ್ದು. ಮೊದಲ ಎರಡು ರಾಜ್ಯದ ಗುರುತು, ಕರ್ನಾಟಕಕ್ಕೆ 29. ಮುಂದಿನ ಹತ್ತು ನಿಮ್ಮ ಪ್ಯಾನೇ. ಸಾಮಾನ್ಯವಾಗಿ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ವಹಿವಾಟು ದಾಟಿದ್ರೆ ನಮ್ಮ ರಾಜ್ಯದಲ್ಲಿ ಕಡ್ಡಾಯ. ಹೊರ ರಾಜ್ಯಕ್ಕೆ ಮಾರಾಟದಂಥ ಕೆಲವು ಸಂದರ್ಭದಲ್ಲಿ ಮೊದಲೇ ಬೇಕಾಗುತ್ತೆ.

ಕಾನೂನಿನ ಗೋಡೆ ಇಳಿದಿದೆ. ಊರಿನ ಗೋಡೆ ಹಾಗೇ ಇದೆ. ಕಂಪನಿಗೆ ಒಂದು ವಿಳಾಸ ಬೇಕು: ಕರೆಂಟ್ ಬಿಲ್ಲು, ಬಾಡಿಗೆ ಕರಾರು, ಮಾಲೀಕರ ಒಪ್ಪಿಗೆ ಪತ್ರ. ಕಾಲನಿಯ ಮನೆಗೆ ಹಕ್ಕುಪತ್ರವೇ ಇರಲ್ಲ, ಇದ್ರೂ ತೀರಿಹೋದ ಅಜ್ಜನ ಹೆಸರಲ್ಲಿರುತ್ತೆ. ಪೇಟೆಯಲ್ಲಿ ಜಾತಿ ಕೇಳಿ ಬಾಡಿಗೆಗೆ ಇಲ್ಲ ಅನ್ನೋರು ಆಫೀಸಿಗೂ ಇಲ್ಲ ಅಂತಾರೆ. ಬರೋಡಾದಲ್ಲಿ ಸಿಗದ ಮನೆಯೇ ಇದು.

ನಂಬರ್ ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ನೋಡಿ. 2019ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಿತು, ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಸೇರಿ. ಹಕ್ಕು ಇರೋದು ಎರಡು ರಾಜ್ಯಗಳ ಚರ್ಮ ನಿಗಮಗಳ ಹೆಸರಲ್ಲಿ, ನಮ್ಮ ಕಡೆಯದ್ದು ಲಿಡ್ಕರ್. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ವಿನ್ಯಾಸದ ಚಪ್ಪಲಿಯನ್ನ ಮಿಲಾನಿನ ಪ್ರದರ್ಶನದಲ್ಲಿ ಹೆಸರು ಹೇಳದೆ ಇಟ್ಟಾಗ ಗಲಾಟೆ ಆಯ್ತು, ಆಮೇಲೆ ಒಪ್ಕೊಂಡ್ರು. ಆದ್ರೆ ಪ್ರಾಡಾಕ್ಕಿಂತ ಮೊದಲೇ ನಮ್ಮ ಪೇಟೆಯಲ್ಲಿ ನಡೀತಿರೋದೂ ಅದೇ ಅಲ್ವಾ? ದೊಡ್ಡ ಖರೀದಿದಾರರಿಗೆ ತಾವು ಕಟ್ಟಿದ ತೆರಿಗೆ ಲೆಕ್ಕಕ್ಕೆ ವಾಪಸ್ ಸಿಗಬೇಕಾದ್ರೆ ಜಿಎಸ್‌ಟಿ ಬಿಲ್ಲು ಬೇಕು. ಹೊಲಿದವನ ಹತ್ರ ನಂಬರಿಲ್ಲ. ನಂಬರಿರೋ ವ್ಯಾಪಾರಿ ನಡುವೆ ಬಂದು ಕೂರ್ತಾನೆ, ಲಾಭದ ದೊಡ್ಡ ಪಾಲು ಅವನಿಗೆ.

7. ಈಗ ನಮ್ಮ ಹೆಸರಿಗೆ ಬೆಲೆ ಬಂದಿದೆ

ಕೇಂದ್ರದ 2012ರ ಖರೀದಿ ನೀತಿಯಲ್ಲಿ ಎಸ್‌ಸಿ, ಎಸ್‌ಟಿ ಒಡೆತನದ ಸಣ್ಣ ಉದ್ದಿಮೆಗಳಿಗೆ ನೂರಕ್ಕೆ 4ರ ಪಾಲು ಇದೆ. ಪ್ರೈವೇಟ್ ಕಂಪನಿಯಾದ್ರೆ ಕನಿಷ್ಠ 51 ಪರ್ಸೆಂಟ್ ಷೇರು ನಮ್ಮವರದ್ದಾಗಿರಬೇಕು. 2016ರ ಸ್ಟ್ಯಾಂಡ್ ಅಪ್ ಇಂಡಿಯಾ 10 ಲಕ್ಷದಿಂದ 1 ಕೋಟಿವರೆಗೆ ಸಾಲದ ಯೋಜನೆ ಆಗಿತ್ತು, ಅದಕ್ಕೂ ಅದೇ 51ರ ಷರತ್ತು ಇತ್ತು. ಕರ್ನಾಟಕ ಸರ್ಕಾರ ಕಾಮಗಾರಿ ಗುತ್ತಿಗೆಯಲ್ಲಿ ಎಸ್‌ಸಿಗೆ 17.15, ಎಸ್‌ಟಿಗೆ 6.95 ಪರ್ಸೆಂಟ್ ಮೀಸಲಾತಿ ತಂತು. ಮೊದಲು 50 ಲಕ್ಷದವರೆಗಿನ ಕಾಮಗಾರಿಗಿತ್ತು, 2023ರಲ್ಲಿ 1 ಕೋಟಿಗೆ ಏರಿತು. ಹೋರಾಟದಿಂದ ಬಂದದ್ದು ಇದು, ಯಾರ ಭಿಕ್ಷೆಯೂ ಅಲ್ಲ.

ಆದ್ರೆ ಇದರ ಬೆನ್ನಿಗೇ ಬಂದದ್ದು ಬೇನಾಮಿ. "ತಮ್ಮಾ, ನಿನ್ನ ಹೆಸರಲ್ಲಿ ಕಂಪನಿ ಮಾಡೋಣ, ಓಡಾಟ, ಖರ್ಚು ಎಲ್ಲ ನಂದು, ನಿನಗೆ ತಿಂಗಳಿಗಿಷ್ಟು." ಆಧಾರ್, ಪ್ಯಾನ್ ಇಸ್ಕೊಳ್ತಾರೆ. ಹೊಸ ಸಿಮ್ ತಗೊಂಡು ಓಟಿಪಿ ಅವರ ಫೋನಿಗೆ ಬರೋ ಹಾಗೆ ಮಾಡ್ಕೊಳ್ತಾರೆ. ಡಿಜಿಟಲ್ ಸಹಿಯ ಆ ಪುಟ್ಟ ಟೋಕನ್ ಅವರ ಬೀರುವಿನಲ್ಲಿ. ಚೆಕ್ ಬುಕ್ ಪೂರ್ತಿ ಸಹಿ ಹಾಕಿಸಿ ಅವರೇ ಇಟ್ಕೊಳ್ತಾರೆ. ನಮ್ಮ ಅಜ್ಜಂದಿರ ಹತ್ರ ಹೆಬ್ಬೆಟ್ಟು ಒತ್ತಿಸ್ಕೊಂಡು ಜಮೀನು ಬರೆಸ್ಕೊಂಡರಲ್ಲ, ಇದು ಅದೇ ಹೆಬ್ಬೆಟ್ಟು. ಶಾಯಿ ಮಾತ್ರ ಇಲ್ಲ.

ಆಮೇಲೆ ಬರೋದು ನೋಟಿಸು. ಕೂಲಿ ಮಾಡೋರಿಗೆ, ಗಾರೆ ಕೆಲಸದವರಿಗೆ ಕೋಟಿಗಟ್ಟಲೆ ಜಿಎಸ್‌ಟಿ ಬಾಕಿ ಅಂತ ನೋಟಿಸ್ ಬಂದ ಸುದ್ದಿ ದೇಶದ ಎಷ್ಟೋ ಕಡೆಯಿಂದ ಪತ್ರಿಕೆಗಳಲ್ಲಿ ಬಂದಿದೆ. ಲಿಮಿಟೆಡ್ ಕಂಪನಿ ಅಲ್ವಾ, ನಮ್ಮ ಮೈಮೇಲೆ ಬರಲ್ಲ ಅಂದ್ಕೋಬೇಡಿ. ಸಾಲೊಮನ್‌ಗೆ ಸಿಕ್ಕ ರಕ್ಷಣೆ ತೆರಿಗೆ ಬಾಕಿಗೆ ಪೂರ್ತಿ ಸಿಗಲ್ಲ. ಪ್ರೈವೇಟ್ ಕಂಪನಿಯಿಂದ ತೆರಿಗೆ ವಸೂಲಾಗದಿದ್ರೆ ಡೈರೆಕ್ಟರುಗಳಿಂದ ವಸೂಲು ಮಾಡಬಹುದು ಅಂತ 1961ರ ಆದಾಯ ತೆರಿಗೆ ಕಾಯ್ದೆಯ 179ನೇ ಕಲಂ ಹೇಳುತ್ತೆ, ಜಿಎಸ್‌ಟಿ ಕಾಯ್ದೆಯ 89ನೇ ಕಲಂ ಹೇಳುತ್ತೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ನಂಬರ್ ಬದಲಾದ್ರೂ ಈ ಹೊಣೆ ಹೋಗಿಲ್ಲ. ತಪ್ಪು ತನ್ನದಲ್ಲ ಅಂತ ಡೈರೆಕ್ಟರೇ ಸಾಬೀತು ಮಾಡಬೇಕು. ಲಾಭ ಅವನಿಗೆ, ಬಾಕಿ ನಮಗೆ.

2017ರಲ್ಲಿ ಕೇಂದ್ರ ಸರ್ಕಾರ ಲೆಕ್ಕ ಸಲ್ಲಿಸದ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ಅಳಿಸಿ ಹಾಕಿತು, ಮೂರು ಲಕ್ಷಕ್ಕೂ ಹೆಚ್ಚು ಡೈರೆಕ್ಟರುಗಳನ್ನ ಅನರ್ಹ ಮಾಡಿತು. ಆ ಪಟ್ಟಿಗೆ ಒಮ್ಮೆ ಸೇರಿದ್ರೆ ಐದು ವರ್ಷ ಸ್ವಂತ ಕಂಪನಿಯ ಬಾಗಿಲೂ ಮುಚ್ಚಿದ ಹಾಗೆ.

ನಮ್ಮ ಜನರಿಗೆ ಮಂಜೂರಾದ ಭೂಮಿಯನ್ನ ಬೇರೆಯವರು ಬರೆಸ್ಕೋಬಾರದು ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಕಳೆದುಹೋದ ಭೂಮಿ ವಾಪಸ್ ಕೇಳೋಕೆ ಒಂದು ದಾರಿ ಇದೆ. ಬಾಡಿಗೆಗೆ ಕೊಟ್ಟ ಹೆಸರನ್ನ ವಾಪಸ್ ಕೊಡಿಸೋ ಅಂಥ ಕಾಯ್ದೆ ಇಲ್ಲ. ಬೇನಾಮಿ ಕಾನೂನು ಹೆಸರು ಕೊಟ್ಟವನನ್ನೂ ಆರೋಪಿ ಮಾಡುತ್ತೆ.

8. ಹಾಗಾಗಿ

ಕಂಪನಿ ಮಾಡಿ. ಹೆದರಬೇಡಿ. ಆದ್ರೆ ಈ ಕೆಲವು ಮಾತು ನೆನಪಿಡಿ.

ಕಂಪನಿಯ ಪ್ಯಾನ್, ಟ್ಯಾನ್, ಜಿಎಸ್‌ಟಿಗೆ ಕೊಡೋ ಫೋನ್ ನಂಬರು, ಇಮೇಲು ನಿಮ್ಮದೇ ಇರಲಿ, ಆಡಿಟರ್‌ದು ಬೇಡ. ಪಾಸ್‌ವರ್ಡ್ ನಿಮಗೆ ಗೊತ್ತಿರಲಿ. ಡಿಜಿಟಲ್ ಸಹಿಯ ಟೋಕನ್ ನಿಮ್ಮ ಮನೆಯಲ್ಲಿರಲಿ.

ವ್ಯಾಪಾರ ನಡೆಯದಿದ್ರೂ ಕಂಪನಿ ವರ್ಷಕ್ಕೊಮ್ಮೆ ಆದಾಯ ತೆರಿಗೆ ರಿಟರ್ನ್ ಹಾಕಲೇಬೇಕು. ಜಿಎಸ್‌ಟಿ ತಗೊಂಡಿದ್ರೆ ಸೊನ್ನೆ ವಹಿವಾಟಿಗೂ ರಿಟರ್ನ್ ಇದೆ. ಬೇಡದಿದ್ರೆ ಜಿಎಸ್‌ಟಿ ತಗೋಬೇಡಿ. ತಗೊಂಡು ಬಿಟ್ರೆ ದಂಡ ಬೆಳೆಯುತ್ತೆ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಹುಡುಕೋ ಅವಕಾಶ ಎಲ್ಲರಿಗೂ ಇದೆ. ನಿಮ್ಮ ಪ್ಯಾನ್ ಹಾಕಿ ನೋಡಿ, ನಿಮ್ಮ ಅಪ್ಪ ಅಮ್ಮನದ್ದೂ ಹಾಕಿ ನೋಡಿ. ನಿಮಗೆ ಗೊತ್ತಿಲ್ಲದ ನೋಂದಣಿ ಕಂಡ್ರೆ ಅವತ್ತೇ ಲಿಖಿತ ದೂರು ಕೊಡಿ, ಸ್ವೀಕೃತಿ ತಗೊಳ್ಳಿ.

ಓದಿದ ನಮ್ಮ ಹುಡುಗರು, ಬಿಕಾಂ ಮಾಡಿದವರು, ತೆರಿಗೆ ವಕೀಲರು, ಒಂದು ಭಾನುವಾರ ಕಾಲನಿಯ ಅಂಬೇಡ್ಕರ್ ಭವನದಲ್ಲಿ ಕೂತು ಈ ಪರಿಶೀಲನೆ ಮಾಡಿಕೊಡಿ. ಏಪ್ರಿಲ್ 14ಕ್ಕೆ ಹಾಕೋ ಫ್ಲೆಕ್ಸಿನ ಖರ್ಚೂ ಇದಕ್ಕೆ ಬೇಕಾಗಲ್ಲ.

ಉಪ್ಪಿಗೆ ತೆರಿಗೆ ಕಟ್ಟಿದ ನಮ್ಮ ಅಜ್ಜಿಯರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ಹೆಸರು ಇರುತ್ತೆ, ಪಿ ಅಕ್ಷರದ ಎದುರು ನೀವು, ಸಿ ಅಕ್ಷರದ ಎದುರು ನಿಮ್ಮ ಕಂಪನಿ. ಅದನ್ನ ನೀವೇ ಇಟ್ಕೊಳ್ಳಿ, ಯಾರಿಗೂ ಬಾಡಿಗೆಗೆ ಕೊಡಬೇಡಿ.

ಜೈಭೀಮ್.